ವರಾಂಡದ ಕೆಂಪು ಕುರ್ಚಿ

ನಾನೊಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಕಾರ್ಖಾನೆಯ ಬಿಸಿ ಅಚ್ಚಿನಿಂದ ಹೊರಬಿದ್ದು, ಅಂಗಡಿಯಲ್ಲಿ ಕೆಲವು ದಿನ ಕಳೆದು, ತಿಪಟೂರಿನ ಪಂಚಾಕ್ಷರಯ್ಯನವರ ಮನೆ ಸೇರಿದೆ. ಒಳಗೆ ಸೋಫಾ ಇತ್ತು. ನನ್ನನ್ನು ಮಾತ್ರ ವರಾಂಡದಲ್ಲಿ ಹಾಕಿದರು. ಗಾಳಿ, ಬೆಳಕು ಚೆನ್ನಾಗಿದೆ ಎಂದು ಹಿಗ್ಗಿದ ಪೆದ್ದ ನಾನು.

ಬಂದವರಲ್ಲಿ ಕೆಲವರು ನನ್ನನ್ನು ದಾಟಿ ಸೋಫಾಕ್ಕೆ ಹೋಗುತ್ತಿದ್ದರು. ಕೆಲವರು ನನ್ನ ಮೇಲೆಯೇ ಕೂತು ಮಾತು ಮುಗಿಸಿ ಹೊರಡುತ್ತಿದ್ದರು. ಜಾತಿ ಎಂಬ ಮಾತನ್ನು ಯಜಮಾನರು ಒಮ್ಮೆಯೂ ಆಡಿದವರಲ್ಲ. ಬಂದವರು ಯಾರೆಂದು ನೋಡಿ, "ಸಿಂಚು, ಹೊರಗೆ ಕುರ್ಚಿ ಹಾಕಮ್ಮ" ಎನ್ನುತ್ತಿದ್ದರು, ಅಷ್ಟೇ.

ಮಗಳು ಸಿಂಚನಳಿಗೆ ಅಪ್ಪನೆಂದರೆ ಪ್ರಾಣ. ಪಂಪು ರಿಪೇರಿಯ ಹನುಮಂತಣ್ಣ ಬಂದ ದಿನ, ಅಪ್ಪ ಬಾಯಿ ತೆರೆಯುವ ಮೊದಲೇ ನನ್ನ ಧೂಳು ಒರೆಸಿ ಮುಂದಕ್ಕೆ ಎಳೆದಳು. "ಜಾಣೆ ಕಣೇ ನೀನು" ಎಂದು ಅಪ್ಪ ತಲೆ ಸವರಿದರು. ಅವಳ ಮುಖ ಅರಳಿತು. ನನಗೂ ಖುಷಿಯಾಗಿತ್ತು. ಈಗ ನೆನೆದರೆ ಮೈಯೆಲ್ಲ ನಾಚಿಕೆ.

ಒಂಬತ್ತನೇ ತರಗತಿಯಲ್ಲಿ ಹನುಮಂತಣ್ಣನ ಮಗಳು ಮೋನಿಷಾಳೇ ಅವಳ ಜೀವದ ಗೆಳತಿಯಾದಳು. ವರಾಂಡದಲ್ಲಿ ಅಡ್ಡಾಡುತ್ತ ಫೋನಿನಲ್ಲಿ ದಿನವೂ ಇಬ್ಬರದೂ ಹರಟೆ. ಪರೀಕ್ಷೆಗೆ ಒಟ್ಟಿಗೆ ಓದೋಣವೆಂದು ಸಿಂಚನಳೇ ಮನೆಗೆ ಕರೆದಳು. ಮೋನಿಷಾ ಚಪ್ಪಲಿ ಬಿಟ್ಟು ಹೊಸ್ತಿಲ ಬಳಿ ಬಂದಳಷ್ಟೇ, ಸಿಂಚನಳ ಕೈ ತಾನಾಗಿ ನನ್ನ ಕಡೆ ಬಂತು.

"ಇಲ್ಲೇ ಕೂತ್ಕೊ. ಒಳಗಿಂದ ಪುಸ್ತಕ ತರ್ತೀನಿ."

ಪಂಚಾಕ್ಷರಯ್ಯ ಬಾಗಿಲಿಗೆ ಬಂದವರೇ ಕಂಗೆಟ್ಟರು. "ಅಯ್ಯೋ, ಫ್ರೆಂಡನ್ನ ಯಾರಾದ್ರೂ ಹೊರಗೆ ಕೂರಿಸ್ತಾರೇನೇ?"

"ಅವರಪ್ಪ ಬಂದಾಗ ನೀವೇ ಇಲ್ಲಿ ಕೂರಿಸ್ತೀರಲ್ಲಪ್ಪಾ?"

ಮಾತಿನಲ್ಲಿ ಕೊಂಕಿರಲಿಲ್ಲ. ಅಪ್ಪ ಈ ಸಲ ಯಾಕೆ ಮೆಚ್ಚಲಿಲ್ಲ ಎಂಬ ಗೊಂದಲ ಮಾತ್ರ ಇತ್ತು.

ಮೋನಿಷಾ ಕೂರಲಿಲ್ಲ. "ಅಮ್ಮ ಬೇಗ ಬಾ ಅಂದಿದ್ರು ಅಂಕಲ್" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮತ್ತೆ ಬರಲಿಲ್ಲ, ಫೋನೂ ಮಾಡಲಿಲ್ಲ.

ಅಪ್ಪ ಮಗಳನ್ನು ಹತ್ತಿರ ಕೂರಿಸಿಕೊಂಡು ತಪ್ಪು ತಮ್ಮದು ಎನ್ನುತ್ತಾರೆಂದು ಕಾದೆ. ಅವರು ತಲೆ ತಗ್ಗಿಸಿ ನನ್ನನ್ನು ಎತ್ತಿಕೊಂಡು ಹೋಗಿ ತಾರಸಿಯ ಮೂಲೆಗೆ ಹಾಕಿದರು. ನನ್ನನ್ನು ದೂರ ಮಾಡಿದರೆ ಎಲ್ಲ ಸರಿಹೋದೀತೆಂದು ನಾನೂ ನಂಬಿದೆ.

ಬಿಸಿಲಿಗೆ ನನ್ನ ಬಣ್ಣ ಹೋಗಿದೆ, ಒಂದು ಕಾಲು ಸೀಳುಬಿಟ್ಟಿದೆ. ಇಲ್ಲಿಂದ ಗೇಟು ಕಾಣುತ್ತದೆ. ಮೊನ್ನೆ ಹನುಮಂತಣ್ಣ ಬಂದಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿದೆ. ಕಾಲೇಜು ಸೇರಿರುವ ಸಿಂಚನ ಗೇಟಿನ ಚಿಲಕ ತೆಗೆಯದೆಯೇ ಮಾತಾಡಿಸಿ ಕಳಿಸಿದಳು. ಅವರು ಅಷ್ಟು ಹೊತ್ತೂ ನಿಂತೇ ಇದ್ದರು. ನಾನು ಮೇಲೆ ಖಾಲಿ ಬಿದ್ದಿದ್ದೆ.