ಈನಸ್ ಪೆನಾಕನಿಗೆ ಗೊತ್ತಿದ್ದದ್ದು

"ಓರೆ ಮಾಡ್ರೋ, ಓರೆ! ಕಾಲಿನ ಕಡೆ ಎತ್ತಿ!" ಎಂದು ಬೇಕರಿಯ ಶಾಂಟ್ಸ್ ಕೂಗಿದ. ಶವಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು.

ಕೆಳಗೆ ನಿಂತಿದ್ದ ಟ್ಯಾಬಿತಾ, "ಜೋಪಾನ ಕಣ್ರಪ್ಪ. ಇದ್ದಾಗ್ಲೂ ದಿನಾ ಅಲ್ಲೇ ತಲೆ ಬಡಿಸ್ಕೊಳ್ತಿದ್ರು" ಎಂದಳು. ಹೊತ್ತವರಿಗೆ ನಗು ಬಂತು. ಅವಳ ಗಂಡ ಈನಸ್ ಹೇಗೋ ಬಾಗಿಲು ದಾಟಿದ.

ಮಣ್ಣು ಮುಗಿಸಿ ಬಂದ ಫಿಲಡೆಲ್ಫಿಯಾದ ಆ ಬೀದಿಯವರೆಲ್ಲ ಅವಳ ಮನೆಯಲ್ಲಿ ಸೇಬಿನ ಸೈಡರ್ ಹಿಡಿದು ಕೂತರು. ಮಾತು ಇಪ್ಪತ್ತೆಂಟು ವರ್ಷ ಹಿಂದಕ್ಕೆ, ಸಾವಿರದ ಏಳುನೂರ ತೊಂಬತ್ತೆಂಟನೆಯ ಇಸವಿಗೆ ಹೋಯಿತು.

"ಆಗ ದೇಶದ ರಾಜಧಾನಿ ಇದೇ ಊರು. ವಿದೇಶಕ್ಕೆ ಹೋಗೋ ಸರ್ಕಾರದ ಕಾಗದ ಎಲ್ಲಾ ನಕಲು ಮಾಡ್ತಿದ್ದೋನು ಇವನು. ಒಂದಿನ ಬಾಯಿ ಬಿಟ್ನಾ?" ಎಂದ ಶಾಂಟ್ಸ್. "ಫ್ರಾನ್ಸ್ ಜೊತೆ ಯುದ್ಧ ಅಂತ ನಾನು ಅಂಗಡಿ ಮಾರೋಕೆ ಹೊರಟಿದ್ದೆ. ಕೊಳ್ಳೋನು ಬಂದು ಕೂತಿದ್ದ. ಅಷ್ಟರಲ್ಲಿ ಇವನು ಮದುವೆ ಕೇಕಿಗೆ ಹೇಳೋಕೆ ಬಂದ! ಕಾಗದ ಓದೋನೇ ಮದುವೆ ಆಗ್ತಾನೆ ಅಂದ್ಮೇಲೆ ಯುದ್ಧ ಎಲ್ಲಿಂದ ಬರ್ಬೇಕು? ಕೊಳ್ಳೋನನ್ನ ವಾಪಸ್ ಕಳಿಸ್ದೆ."

"ನಾವೂ ಊರು ಬಿಡೋಕೆ ಕಟ್ಟಿದ್ದ ಗಂಟು ಬಿಚ್ಚಿದ್ವಿ" ಎಂದಳು ಪಕ್ಕದ ಮನೆಯ ಪ್ರೂಡೆನ್ಸ್.

ಟ್ಯಾಬಿತಾಗೆ ಆ ವರ್ಷದ ಒಂದು ಸಂಜೆ ನೆನಪಾಯಿತು.

*

ಫೆಬ್ರವರಿಯ ಚಳಿ. ಈನಸ್ ಶಾಯಿ ಮೆತ್ತಿದ ಬೆರಳುಗಳನ್ನು ಟ್ಯಾಬಿತಾಳ ಅಪ್ಪನ ಮನೆಯ ಒಲೆಗೆ ಒಡ್ಡಿ ಕೂತಿದ್ದ.

"ನನಗಾದ್ರೂ ಹೇಳಿ. ಯುದ್ಧ ಆಗುತ್ತಾ?"

"ನಿನ್ನಾಣೆ ಗೊತ್ತಿಲ್ಲ. ಪ್ಯಾರಿಸ್ಸಲ್ಲಿರೋ ನಮ್ಮ ರಾಯಭಾರಿಗಳಿಂದ ಕಾಗದ ಬಂದು ತಿಂಗಳುಗಳಾದ್ವು. ನಾವು ಒಂದೇ ಕಾಗದಕ್ಕೆ ನಾಲ್ಕು ನಕಲು ಮಾಡಿ ನಾಲ್ಕು ಹಡಗಿಗೆ ಹಾಕ್ತೀವಿ. ಒಂದಾದ್ರೂ ಮುಟ್ತೋ ಇಲ್ವೋ, ಅದೂ ಗೊತ್ತಿಲ್ಲ."

"ಜನಕ್ಕೆ ಹಾಗೇ ಹೇಳ್ಬಾರ್ದಾ?"

"ಕಚೇರಿಗೇ ಏನೂ ಗೊತ್ತಿಲ್ಲ ಅನ್ನೋದೇ ಎಲ್ಲಕ್ಕಿಂತ ದೊಡ್ಡ ಗುಟ್ಟು ಕಣೇ!"

ಟ್ಯಾಬಿತಾಗೆ ನಗು ತಡೆಯಲಾಗಲಿಲ್ಲ. ಅವನು ಮಾತ್ರ ನಗದೆ ಅವಳ ಮುಖವನ್ನೇ ನೋಡಿದ. "ಆ ಕಾಗದಕ್ಕೆ ಕಾಯ್ತಾ ಕೂತ್ರೆ ಇಬ್ಬರೂ ಮುದುಕರಾಗ್ತೀವಿ. ಬರೋ ಗುರುವಾರ ಮದುವೆ ಆಗ್ಬಿಡೋಣ್ವಾ?"

*

"ಶಾಂಟ್ಸ್, ಅವರಿಗೆ ಏನೂ ಗೊತ್ತಿರ್ಲಿಲ್ಲ" ಎಂದು ಟ್ಯಾಬಿತಾ ಎಲ್ಲವನ್ನೂ ಹೇಳಿದಳು.

ಶಾಂಟ್ಸ್ ಸೈಡರ್ ಲೋಟ ಕೆಳಗಿಟ್ಟ.

"ಏನೂ?"

"ಏನೇನೂ."

"ಅಂದ್ರೆ ಇಷ್ಟು ವರ್ಷ ನಾನು ಈ ಪುಣ್ಯಾತ್ಮನ ಮದುವೆ ನಂಬ್ಕೊಂಡು ಇಲ್ಲೇ ಬೇರು ಬಿಟ್ನಾ!"

ಶಾಂಟ್ಸ್ ಹೊಟ್ಟೆ ಕುಣಿಸುತ್ತ ನಕ್ಕ. ಕೋಣೆಯೆಲ್ಲ ನಕ್ಕಿತು. ಟ್ಯಾಬಿತಾಳೂ ನಕ್ಕಳು, ನಗುನಗುತ್ತಲೇ ಬೆಳಗಿನಿಂದ ಬಾರದಿದ್ದ ಕಣ್ಣೀರು ಬಂತು. ಅದನ್ನು ಒರೆಸಿಕೊಳ್ಳುತ್ತ ಅವಳು ಕಿಟಕಿಯ ಹೊರಗೆ ನೋಡಿದಳು. ಆ ಮದುವೆಯ ಮರುವರ್ಷ ಬೇಕರಿಯ ಮಹಡಿಯಲ್ಲಿ ಹುಟ್ಟಿದ ಶಾಂಟ್ಸನ ಮಗಳು, ತನ್ನ ನಾಲ್ಕು ಮಕ್ಕಳನ್ನು ಸಾಲಾಗಿ ಬೀದಿ ದಾಟಿಸಿಕೊಂಡು ಬರುತ್ತಿದ್ದಳು. ಒಬ್ಬೊಬ್ಬರ ತೋಳಿನಲ್ಲೂ ಹಬೆಯಾಡುವ ಒಂದೊಂದು ಬ್ರೆಡ್ಡು. ಕೊನೆಯ ಪುಟ್ಟವಳ ಬ್ರೆಡ್ಡಿನ ಒಂದು ತುದಿ ಆಗಲೇ ಮಾಯವಾಗಿತ್ತು.