ಹಸಿರು ಉಳಿಸುವ ಬಗೆ

ಕುದಿಯುವ ನೀರಿಗೆ ಎರಡು ಹಿಡಿ ಬೇಸಿಲ್ ಎಲೆ ಹಾಕಿ ಸುನಿತಾ ಮಾತಿಗೆ ನಿಂತಳು. ಪಕ್ಕದಲ್ಲಿ ಐಸ್ ನೀರಿನ ಪಾತ್ರೆ ಹಿಡಿದಿದ್ದ ಮುನಿಲಕ್ಷ್ಮಮ್ಮ ಮನಸ್ಸಿನಲ್ಲೇ ಎಣಿಸತೊಡಗಿದಳು. ಹತ್ತು ಎಣಿಸುವಷ್ಟರಲ್ಲಿ ಎಲೆ ಹೊರಗೆ ಬಂದು ಐಸಿಗೆ ಬೀಳಬೇಕು. ಆಮೇಲೆ ಬಟ್ಟೆಯಲ್ಲಿ ಹಿಂಡಿ, ಎಣ್ಣೆ ಬಿಟ್ಟು ರುಬ್ಬಿ, ಐಸ್ ಟ್ರೇಗೆ ತುಂಬಿ ಫ್ರೀಜರಿನಲ್ಲಿಟ್ಟರೆ ಆರು ತಿಂಗಳಾದರೂ ಬಣ್ಣ ಕೆಡುವುದಿಲ್ಲ. ಬೇಕಾದಾಗ ಒಂದೊಂದೇ ಗಟ್ಟಿ ತೆಗೆದು ಅಡುಗೆಗೆ ಹಾಕಿಕೊಳ್ಳಬಹುದು.

ಜೆ.ಪಿ. ನಗರದ ಆ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಇಪ್ಪತ್ತೈದು ಹೆಂಗಸರು ಕೂತಿದ್ದರು. ಬಹಳ ಜನರ ಬಾಲ್ಕನಿಯಲ್ಲಿ ಬೇಸಿಲ್ ಗಿಡವಿತ್ತು. ಚಳಿ ಜೋರಾಗಿ ಎಲೆ ಉದುರುವ ಮೊದಲೇ ಕೂಡಿಟ್ಟುಕೊಳ್ಳುವುದು ಹೇಗೆಂದು ಕಲಿಯಲು ಬಂದಿದ್ದರು.

ಸುನಿತಾ ಕತ್ರಿಗುಪ್ಪೆಯ ತನ್ನ ಮನೆಯಲ್ಲಿ ಅಡುಗೆ ಕ್ಲಾಸ್ ನಡೆಸುತ್ತಿದ್ದಳು. ಅಲ್ಲಿ ಒಂಬತ್ತು ವರ್ಷದಿಂದ ಹೆಚ್ಚಿ, ರುಬ್ಬಿ, ಒಲೆಯ ಮುಂದೆ ನಿಲ್ಲುತ್ತಿದ್ದವಳು ಮುನಿಲಕ್ಷ್ಮಮ್ಮ. ಹೋದ ವರ್ಷ ಸುನಿತಾ ಎಲೆಯನ್ನು ಹಸಿಯಾಗಿಯೇ ಫ್ರೀಜರಿಗೆ ತುಂಬಿ, ಅದು ಕರಿಕಟ್ಟಿದಾಗ ಬಿಸಾಡಲು ಹೇಳಿದ್ದಳು. ಮುನಿಲಕ್ಷ್ಮಮ್ಮನಿಗೆ ಮನಸ್ಸಾಗಲಿಲ್ಲ. ಮೇಡಂ ಬೇಸಿಲ್ ಎನ್ನುತ್ತಿದ್ದುದು ಅವಳ ಮಟ್ಟಿಗೆ ಚಿಕ್ಕಂದಿನಿಂದ ಮುಡಿದ ಕಾಮಕಸ್ತೂರಿಯೇ. ಕೆಲಸವೆಲ್ಲ ಮುಗಿದ ಮೇಲೆ ದಿನಕ್ಕೊಂದು ಹಿಡಿ ಎಲೆಯನ್ನು ಹಬೆಗೆ ಹಿಡಿದಳು, ಉಪ್ಪು ಸವರಿದಳು, ಕುದಿನೀರಿಗೆ ಹಾಕಿ ತೆಗೆದಳು. ಜರಡಿ ಜಾರಿ ಬಲಗೈಯ ಎರಡು ಬೆರಳು ಬೆಂದು ಬೊಬ್ಬೆ ಎದ್ದವು. ತಿಂಗಳಾದ ಮೇಲೆ ಒಂದು ದಿನ ಎಲೆ ಗಿಡದಲ್ಲಿದ್ದಷ್ಟೇ ಹಸಿರಾಗಿ ಉಳಿಯಿತು. ಅವತ್ತು ಸುನಿತಾ ಅವಳನ್ನು ತಬ್ಬಿಕೊಂಡಿದ್ದಳು.

ಈಗ ಮುಂದಿನ ಸಾಲಿನಲ್ಲಿದ್ದ ಕಾತ್ಯಾಯಿನಿ ಎಂಬಾಕೆ, ಈ ವಿಧಾನವನ್ನು ಎಲ್ಲಿ ಕಲಿತಿರಿ ಎಂದು ಕೇಳಿದಳು.

"ಎಲ್ಲೂ ಕಲಿತಿಲ್ಲ ಮೇಡಂ, ನಾನೇ ಮಾಡಿ ಮಾಡಿ ಕಂಡ್ಕೊಂಡಿದ್ದು," ಎಂದು ಸುನಿತಾ ನಕ್ಕಳು. "ನೋಡಿ, ಈ ಎರಡು ಬೆರಳು ಸುಟ್ಕೊಂಡಿದ್ದೆ."

ನೀಳವಾದ, ಕಲೆಯಿಲ್ಲದ ಬೆರಳುಗಳನ್ನು ಅವಳು ಎತ್ತಿ ತೋರಿಸಿದಳು.

ವಿಧಾನ ತನ್ನದೆಂದು ಹೇಳಿಕೊಳ್ಳಲಿ, ಅದು ಮುನಿಲಕ್ಷ್ಮಮ್ಮನಿಗೆ ಹೊಸತಲ್ಲ. ಬರುವಾಗ ಆಟೋದಲ್ಲೇ ಸುನಿತಾ, ನಡುವೆ ಮಾತಾಡಬೇಡಿ, ಜನಕ್ಕೆ ಗೊಂದಲವಾಗುತ್ತದೆ ಎಂದಿದ್ದಳು. ಅದಕ್ಕೂ ಅವಳು ಹೂಂ ಎಂದಿದ್ದಳು. ಆದರೆ ಬೊಬ್ಬೆಯನ್ನೂ ಇವಳು ತೆಗೆದುಕೊಳ್ಳುತ್ತಾಳೆಂದು ಎಣಿಸಿರಲಿಲ್ಲ. ಎಣಿಕೆ ಹತ್ತಾಯಿತು. ಪಾತ್ರೆಯನ್ನು ಮುಂದೆ ಸರಿಸಲು ಎತ್ತಿದ ಕೈ ಹಾಗೇ ನಿಂತಿತು. ಇಪ್ಪತ್ತಾಯಿತು. ಸುನಿತಾ ಇಟಲಿಯ ಅಡುಗೆಯ ವಿಷಯ ಹೇಳುತ್ತಿದ್ದಳು. ಎಪ್ಪತ್ತಾದಾಗ ಒಲೆಯ ಮೇಲಿನ ಪಾತ್ರೆಯಿಂದ ಬೆಂದ ಹುಲ್ಲಿನ ವಾಸನೆ ಎದ್ದಿತು. ಬೆಳಗಿನ ಮಂಜಿನಲ್ಲಿ ಮೇಡಂ ಮನೆಯ ತಾರಸಿಯ ಮೇಲೆ ನಿಂತು ತಾನೇ ಒಂದೊಂದಾಗಿ ಬಿಡಿಸಿದ ಎಲೆಗಳು. ಆದರೂ ಅವಳು ಬಾಯಿ ಬಿಡಲಿಲ್ಲ.

ಸೌಟಿಗೆ ಬಂದದ್ದು ಕಂದು ಮುದ್ದೆ. ಯಾರೋ ಕಿಸಕ್ಕೆಂದರು. ಸುನಿತಾಳ ಮುಖ ಕೆಂಪಾಯಿತು.

"ಲಕ್ಷ್ಮಮ್ಮ, ಟೈಮಿಗೆ ಸರಿಯಾಗಿ ಹೇಳೋದಲ್ವಾ ನೀವು?"

"ಮಾತಾಡ್ಬೇಡ ಅಂದಿದ್ರಲ್ಲ ಮೇಡಂ."

ಸುನಿತಾ ಸಾವರಿಸಿಕೊಂಡು, ತಪ್ಪಿದರೆ ಹೀಗಾಗುತ್ತದೆ ಎಂದು ತೋರಿಸಲೆಂದೇ ಮಾಡಿದ್ದು ಎಂದಳು. ಉಳಿದ ಎಲೆಗಳನ್ನು ಅವಳ ಕಡೆ ತಳ್ಳಿ, ನೀವೇ ಮಾಡಿ ಎಂದಳು.

ಮುನಿಲಕ್ಷ್ಮಮ್ಮ ಮಾಡಿದಳು. ಎಲೆ ಮುಳುಗಿತು, ಎದ್ದಿತು, ಐಸಿನಲ್ಲಿ ಹಸಿರು ಹೊಳೆಯಿತು. ಹೆಂಗಸರು ಎದ್ದು ಬಂದು ಸುತ್ತ ನಿಂತು ಫೋನ್ ಹಿಡಿದರು. ಒಬ್ಬಾಕೆ, "ಆಂಟಿ, ಸ್ವಲ್ಪ ಹಿಂದೆ ಸರೀರಿ, ಕೈ ಮಾತ್ರ ಸಾಕು," ಎಂದಳು. ಅವಳು ಸರಿದಳು. ಕೊನೆಗೆ ಚಪ್ಪಾಳೆ ಬಿದ್ದಾಗ ಸುನಿತಾ ಕೈಮುಗಿದಳು.

ವಾಪಸು ಕತ್ರಿಗುಪ್ಪೆಯ ಮನೆ ಬಂದ ಮೇಲೆ ಸುನಿತಾ ಆಟೋದಿಂದ ಇಳಿದು, ಬ್ಯಾಗಿನಲ್ಲಿ ಚಿಲ್ಲರೆ ಹುಡುಕುತ್ತ ಮುಖ ನೋಡದೆ ಹೇಳಿದಳು.

"ನಾಳೆಯಿಂದ ಕ್ಲಾಸ್ ಟೈಮಲ್ಲಿ ನೀವು ಬೇಡ. ಬೆಳಿಗ್ಗೆ ಬಂದು ಪಾತ್ರೆ ತೊಳ್ದು, ಕಸ ಗುಡಿಸಿ ಹೋಗಿ. ಒಲೆ ಹತ್ರಕ್ಕೆ ಬೇರೆಯವರು ಬರ್ತಾರೆ."

ಮುನಿಲಕ್ಷ್ಮಮ್ಮ ಅದಕ್ಕೂ ಹೂಂ ಎಂದಳು.

ಸಂಜೆ ಇಟ್ಟಮಡುವಿನ ವಠಾರದಲ್ಲಿ ಪಕ್ಕದ ಮನೆಯ ಮುನಿಯಕ್ಕ ನೆನೆಸಿದ ಅವರೆಕಾಳು ಹರವಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಮುನಿಲಕ್ಷ್ಮಮ್ಮ ಎದುರಿಗೆ ಕುಕ್ಕರಿಸಿ, ನಡೆದದ್ದನ್ನು ಚುಟುಕಾಗಿ ಹೇಳಿದಳು. ಮುನಿಯಕ್ಕ, ನಾಳೆ ಹೋಗುತ್ತೀಯಾ ಎಂದು ಕೇಳಿದಳು.

"ಹೋಗ್ದೆ?"

ಮುನಿಲಕ್ಷ್ಮಮ್ಮ ಒಂದು ಹಿಡಿ ಕಾಳು ತನ್ನತ್ತ ಎಳೆದುಕೊಂಡಳು. ಬೆರಳ ತುದಿಯಲ್ಲಿ ಹಿಸುಕಿದಾಗಲೆಲ್ಲ ಕಾಳು ಸಿಪ್ಪೆಯಿಂದ ಪುಳಕ್ಕನೆ ಜಾರಿ ಬಟ್ಟಲಿಗೆ ಬೀಳುತ್ತಿತ್ತು. ಸಿಪ್ಪೆಗಳು ಅವಳ ಪಾದದ ಬಳಿ ಗುಡ್ಡೆಯಾಗುತ್ತಿದ್ದವು.