ಒಳಗೆ ಬಿಟ್ಟ ಬಟ್ಟೆ

ಬ್ಲೇಡ್ ಇಲ್ಲದ ಓವರ್‌ಲಾಕ್ ಮಿಷನ್ ಕೊಡಿ ಅಂತ ಕೇಳಿದ್ದಕ್ಕೆ ಹಾಸನದ ಅಂಗಡಿಯ ಸುದರ್ಶನ್ ನಕ್ಬುಟ್ರು. "ಅಕ್ಕಾ, ಅಂಚು ಕತ್ತರಿಸ್ಕೊಂಡು ಹೊಲಿಯೋದೇ ಇದರ ಕೆಲಸ. ಬ್ಲೇಡೇ ಇಲ್ದಿದ್ರೆ ಇದ್ಯಾಕೆ?"

ನಂಗೆ ರೇಗೋಯ್ತು. "ನಗ್ಬೇಡಿ ಸಾ. ನನ್ ಮಗಳ ಬಟ್ಟೇನ ಒಂದೆಳೆನೂ ಕತ್ತರಿಸಂಗಿಲ್ಲ," ಅಂದೆ. ಜೊತೇಲಿದ್ದ ನಮ್ಮ ಯಜಮಾನ್ರು ರಸ್ತೆ ಕಡೆ ಮುಖ ತಿರುಗಿಸ್ಕೊಂಡ್ರು.

ಹೊಳೆನರಸೀಪುರದಲ್ಲಿ ಮನೇಲೇ ಕೂತು ಹೊಲಿಯೋಳು ನಾನು. ರವಿಕೆ ಅಂದ್ಮೇಲೆ ಒಳಗೆ ಬಟ್ಟೆ ಬಿಡ್ಲೇಬೇಕು. ಬಿಟ್ಟಿದ್ರೆ, ಮದ್ವೇಲಿ ಹೊಲಿಸಿದ್ದನ್ನ ಬಿಚ್ಚಿ ದೊಡ್ಡದು ಮಾಡ್ಕೊಂಡು ಮಕ್ಕಳಾದ್ಮೇಲೂ ಹಾಕ್ಕೋಬೋದು. ನಮ್ಮ ಯಶಸ್ವಿನಿದು ಉಲ್ಟಾ ಆಯ್ತು. ಹೊಟ್ಟೇಲಿ ಗಡ್ಡೆ ಅಂತ ಗೊತ್ತಾದ್ಮೇಲೆ ಅವಳ ಮೈ ಇಳೀತಾ ಓಯ್ತು, ನಾನು ಬಟ್ಟೆ ಹಿಡಿದು ಚಿಕ್ಕದು ಮಾಡ್ಕೊಡ್ತಾ ಬಂದೆ. ಒಂದ್ಸಲಾನೂ ಕತ್ತರಿ ಹಾಕ್ಲಿಲ್ಲ. ಮಿಕ್ಕಿದ್ದೆಲ್ಲ ಒಳಗೇ ಬಿಟ್ಟೆ. ಹುಷಾರಾದ್ಮೇಲೆ ಬಿಚ್ಚೋಕೆ ಬೇಕಲ್ಲ? ಆದ್ರೆ ಬಿಟ್ಟ ಬಟ್ಟೆಯ ಎಳೆ ಚುಚ್ಚಿ ಅವಳ ಪಕ್ಕೆಯೆಲ್ಲ ಕೆಂಪಗಾಗೋದು. ಔಷಧಿ ಅವಳ ಚರ್ಮಾನ ಅಂಗೆ ಮಾಡಿಟ್ಟಿತ್ತು. ಅದಕ್ಕೇ ಈ ಮಿಷನ್ನು. ಅಂಚಿಗೆ ದಾರ ಸುತ್ತಿಸಿದ್ರೆ ಎಳೆ ಬಿಡಲ್ಲ.

ಡಾಕ್ಟ್ರು ನನ್ನೊಬ್ಬಳನ್ನೇ ಒಳಕ್ಕೆ ಕರೆದು, "ಇನ್ನು ಔಷಧಿ ನಾಟಲ್ಲಮ್ಮ, ಮನೇಲೇ ಚೆನ್ನಾಗಿ ನೋಡ್ಕೊಳ್ಳಿ," ಅಂದಿದ್ರು. ಅವಳಿಗೆ ಹೇಳ್ಲಿಲ್ಲ. ಯಾಕ್ ಹೇಳ್ಬೇಕು? ಅವ್ರೇನು ಶಿವನಾ?

ಕೊನೆಗೆ ಸುದರ್ಶನ್ ಒಂದು ಚಿಕ್ಕ ಮಿಷನ್ ಇಳಿಸಿದ್ರು. ಮೂರು ದಾರದ್ದು, ಮನೆಗಾಗೋವಂಥದ್ದು. ಬ್ಲೇಡನ್ನ ಕೆಳಕ್ಕೆ ತಿರುಗಿಸಿಟ್ರೆ ಕತ್ತರಿಸೋದಿಲ್ಲ ಅಂತ ಅಲ್ಲೇ ಹೊಲಿದು ತೋರಿಸಿದ್ರು. ನಾನೂ ನನ್ನ ಕೈಯಿಂದ ತಿರುಗಿಸಿ ನೋಡೇ ತಗೊಂಡಿದ್ದು.

ಮನೆಗೆ ತಂದ್ಮೇಲೆ ದಾರ ಪೋಣಿಸೋದ್ರಲ್ಲಿ ಪ್ರಾಣ ಓಯ್ತು. ಒಂದು ಹಾಕಿದ್ರೆ ಇನ್ನೊಂದು ತುಂಡಾಗೋದು. ಹಾಳಾದ್ ಮಿಷನ್ನು ಅಂತ ಬೈಕೊಂಡು ಕೂತಿದ್ರೆ, ಯಶು ಮಂಚದಿಂದ ಎದ್ದು ಬಂದು, ಚಿಮಟದಲ್ಲಿ ಹಿಡಿದು ಸಲೀಸಾಗಿ ಪೋಣಿಸ್ಬುಟ್ಲು.

"ಏನಮ್ಮಾ, ಅರ್ಧ ಊರಿಗೆ ರವಿಕೆ ಹೊಲ್ದಿದ್ದೀಯ, ಒಂದು ದಾರ ಪೋಣಿಸೋಕಾಗಲ್ವಾ?" ಅಂತ ಕಿಚಾಯಿಸಿದ್ಲು. ನಕ್ಕಿದ್ದಕ್ಕೇ ಸುಸ್ತಾಗಿ ಗೋಡೆಗೆ ಒರಗಿದ್ಲು. ನಾನು ಅದನ್ನ ನೋಡಿದ್ರೂ ನೋಡ್ದೇ ಇರೋಳಂಗೆ, "ನೋಡಿದ್ರಾ, ಎದ್ದು ಓಡಾಡ್ತಾವ್ಳೆ," ಅಂತ ಯಜಮಾನ್ರ ಮುಂದೆ ಜಂಬ ಕೊಚ್ಕೊಂಡೆ.

ಒಂದಿನ ಸಂತೆಯಿಂದ ಬಂದ್ರೆ ಒಳಗೆ ಮಿಷನ್ ಸದ್ದು. ಯಶು ಹೊಲೀತಾ ಕೂತವ್ಳೆ. ಬ್ಲೇಡು ಮೇಲಕ್ಕೆದ್ದೈತೆ. ನೆಲದ ತುಂಬ ಬಟ್ಟೆ ಪಟ್ಟಿ. ನೀಲಿ ಟಾಪಿಂದು, ಹಳದಿ ರವಿಕೇದು, ಎಲ್ಲಾದ್ರದ್ದೂ. ನಾನು ಜೋಪಾನವಾಗಿ ಒಳಗೆ ಬಿಟ್ಟಿದ್ದನ್ನೆಲ್ಲ ಕತ್ತರಿಸಾಕ್ಬುಟ್ಟವ್ಳೆ.

"ಏನೇ ಮಾಡ್ದೆ! ನಿನ್ ಕೈ..." ಅಂತ ಶುರು ಮಾಡಿ ನಾಲಿಗೆ ಕಚ್ಕೊಂಡೆ.

"ಅಷ್ಟು ದಪ್ಪ ಒತ್ತುತ್ತೆ ಅಮ್ಮ. ಮಗ್ಗುಲಾಗೋಕಾಗಲ್ಲ."

"ಒಂದ್ ಮಾತು ಕೇಳೋಕೇನಾಗಿತ್ತು? ಮೈ ತುಂಬ್ಕೊಂಡ್ಮೇಲೆ ಏನ್ ಹಾಕ್ಕೋತೀಯೇ? ಬಿಚ್ಚೋಕೆ ಇನ್ನೇನೈತೆ?"

ಅವಳು ಮಿಷನ್ ಆಫ್ ಮಾಡಿದ್ಲು. "ಇನ್ನು ಬಿಚ್ಚೋದಿಲ್ಲ ಕಣಮ್ಮ. ನೀನು ಮಾತ್ರೆ ತರೋಕೆ ಓಗಿದ್ದಾಗ ನಾನೇ ಡಾಕ್ಟ್ರನ್ನ ಕೇಳ್ದೆ. ನಿಂಗೆ ಹೇಳಿದ್ದನ್ನೇ ನಂಗೂ ಹೇಳಿದ್ರು."

"ಮತ್ತೆ ಇಷ್ಟು ದಿನ ಸುಮ್ನಿದ್ಯಲ್ಲೇ?"

"ನೀನು ಅಷ್ಟು ಆಸೆಯಿಂದ ಬಟ್ಟೆ ಬಿಡ್ತಿದ್ದೆ. ಯಂಗ್ ಹೇಳ್ಲಿ?"

ಆ ಪಟ್ಟಿಗಳನ್ನ ಬಾಚಿ ಮಡಿಲಿಗೆ ಹಾಕ್ಕೊಂಡು ಅತ್ತೆ. ಶಿವನಿಗೆ ಬಾಯಿಗೆ ಬಂದಂಗೆ ಬೈದೆ. ನಿಂಗೆ ಕಣ್ಣಿಲ್ವಾ, ನನ್ನನ್ನ ಕರ್ಕೊಳ್ಳೋ ಅಂದೆ. ಅವಳು ಮಾತ್ರ ಅಳ್ಲಿಲ್ಲ, ನನ್ ತಲೆ ಸವರ್ತಾ ಕೂತಿದ್ಲು. ಆಮೇಲೆ ಬೀರುವಿನಿಂದ ಹಸಿರು ರೇಷ್ಮೆ ಸೀರೆ ತಂದು ಮುಂದಿಟ್ಲು. ಅವಳ ಮದುವೆಗೆ ಅಂತ ನಾನು ತೆಗೆದಿಟ್ಟಿದ್ದು.

"ಇದರ ರವಿಕೆ ಹೊಲ್ಕೊಡು. ಈಗಿನ ಅಳತೆಗೆ."

ಟೇಪ್ ಹಿಡ್ದೆ. ಎಲ್ಲಿ ಮುಟ್ಟಿದ್ರೂ ಮೂಳೆ. "ಎಷ್ಟು ಬಿಡ್ಲಿ?" ಅಂತ ಅಭ್ಯಾಸಕ್ಕೆ ಬಾಯಿಗೆ ಬಂದ್ಬುಡ್ತು.

"ಏನೂ ಬಿಡ್ಬೇಡ."

ಏನೂ ಬಿಡ್ದೆ ಕತ್ತರಿಸ್ದೆ. ಅಂಚಿಗೆ ಓವರ್‌ಲಾಕ್ ಅವಳೇ ಹಾಕ್ಕೊಂಡ್ಲು, ಮಧ್ಯೆ ಮಧ್ಯೆ ನಿಲ್ಲಿಸ್ಕೊಂಡು.

ಅವಳನ್ನ ನಡುಮನೇಲಿ ಕೂರಿಸಿ ಹಣೆ ತುಂಬ ವಿಭೂತಿ ಹಚ್ಚಿದಾಗ ಆ ರವಿಕೆನೇ ಹಾಕಿದ್ವಿ. ಕೊನೇ ಸಲ ಮುಖ ನೋಡೋಕೆ ಬಂದ ಎದುರುಮನೆ ಭಾನುಪ್ರಿಯಾ ಸೆರಗು ಬಾಯಿಗಿಟ್ಕೊಂಡು, "ರೇವಕ್ಕಾ, ಎಷ್ಟು ಚೆನ್ನಾಗಿ ಕೂತೈತೆ ನೋಡಿ, ಒಂದು ಸುಕ್ಕಿಲ್ಲ," ಅಂದ್ಲು. ಅವಳ ಬಾಯಿಗೆ ಮಣ್ಣಾಕ. ಅಳತೆಗೆ ಸರಿಯಾಗಿ ಹೊಲ್ದಿದ್ನಲ್ಲ, ಸುಕ್ಕು ಎಲ್ಲಿಂದ ಬತ್ತದೆ?